ಎಲ್ಲೆ ವ್ರತವಾಗಲಿ, ಬಂಧನವಾಗದಿರಲಿ

ಶ್ರವಣಬೆಳಗೊಳದ ವಿಂಧ್ಯಗಿರಿಯ ನೆತ್ತಿಗೆ ಬಂಡೆಯಲ್ಲೇ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಮಂಡಿಯ ಬಲ ಉಡುಗಿದ ವೃದ್ಧರನ್ನು ಡೋಲಿಯವರು ಹೆಗಲ ಮೇಲೆ ಹೊತ್ತು ಬಾಹುಬಲಿ ಸ್ವಾಮಿಯ ಸನ್ನಿಧಿಗೆ ತಲುಪಿಸುತ್ತಾರೆ. ಡೋಲಿಯಲ್ಲಿ ಬಂದವರ ಭಕ್ತಿ ನಡೆದು ಬಂದವರ ಭಕ್ತಿಗಿಂತ ಕಡಿಮೆಯೆಂದು ಯಾರೂ ಎಣಿಸುವುದಿಲ್ಲ. ಆದರೆ ಅದೇ ವೃದ್ಧರು ಒಬ್ಬರೇ ಬೆಂಗಳೂರಿಗೆ ಹೋಗಿಬರುವೆನೆಂದರೆ ಮನೆಯಲ್ಲಿ ಗಾಬರಿ ಹುಟ್ಟುತ್ತದೆ. ಬೆಟ್ಟಕ್ಕೆ ದೊರೆಯುವ ಹೆಗಲು ಮಹಾನಗರದ ದಾರಿಯಲ್ಲಿ ಏಕೆ ದೊರೆಯುವುದಿಲ್ಲ ಎಂಬುದು ಧರ್ಮದ ನೆಲೆಯಲ್ಲೇ ಕೇಳಬೇಕಾದ ಪ್ರಶ್ನೆ.

ಒಂದು ಪ್ರಸಂಗವನ್ನು ಭಾವಿಸಿಕೊಳ್ಳಬಹುದು. ಬೆಳಗೊಳದ ಸೀಮೆಯ ಎಪ್ಪತ್ತೆಂಟರ ಶ್ರಾವಿಕೆ. ಮಂಡಿಗಳು ಸವೆದು ಊರುಗೋಲು ಕೈಗೆ ಬಂದಿದೆ. ಬೆಂಗಳೂರಿನಲ್ಲಿ ಹಾಸಿಗೆ ಹಿಡಿದಿರುವ ಅಕ್ಕನೊಡನೆ ಆಸ್ತಿಯ ಮಾತಿಗಾಗಿ ಬೆಳೆದ ಹಲವು ವರ್ಷಗಳ ಮುನಿಸು. ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಬಂದಿದೆ. ಅಕ್ಕನ ಕೈ ಹಿಡಿದು ಕ್ಷಮೆ ಬೇಡಬೇಕೆಂಬುದು ಆಕೆಯ ಹಂಬಲ. ಮಕ್ಕಳಿಗೆ ರಜೆಯಿಲ್ಲ. ‘ಫೋನಿನಲ್ಲೇ ಮಾತಾಡಿಬಿಡಮ್ಮ, ಈ ಕಾಲಿನಲ್ಲಿ ಒಬ್ಬಳೇ ಎಲ್ಲಿಗೆ ಹೋಗ್ತೀಯ’ ಎನ್ನುತ್ತಾನೆ ಮಗ. ಆ ಮಾತಿನಲ್ಲಿ ಪ್ರೀತಿಯಿದೆ. ಆದರೂ ಅದರಿಂದ ಒಂದು ಬಾಗಿಲು ಮುಚ್ಚುತ್ತದೆ.

ಸಂಚಾರಕ್ಕೆ ಮಿತಿ ಹಾಕಿಕೊಳ್ಳುವುದು ಜೈನ ಗೃಹಸ್ಥರಿಗೆ ಹೊಸದಲ್ಲ. ದಿಗ್ವ್ರತ, ದೇಶವ್ರತಗಳು ಇಂಥ ದಿಕ್ಕಿಗೆ ಇಷ್ಟೇ ದೂರ ಎಂದು ಶ್ರಾವಕನು ತನಗೆ ತಾನೇ ಎಳೆದುಕೊಳ್ಳುವ ಗೆರೆಗಳು. ತಾನೇ ಎಳೆದುಕೊಂಡಾಗ ಮಾತ್ರ ಆ ಗೆರೆ ವ್ರತವಾಗುತ್ತದೆ. ಇನ್ನೊಬ್ಬರು ಎಳೆದರೆ? ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ. ಆಚಾರ್ಯ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಇದನ್ನು ಹಗ್ಗಕ್ಕೆ ಸೀಮಿತಗೊಳಿಸುವುದಿಲ್ಲ, ಜೀವವು ತಾನು ಬಯಸಿದ ಎಡೆಗೆ ಹೋಗದಂತೆ ತಡೆಯುವುದೇ ಬಂಧವೆಂಬುದು ಅವರ ವಿವರಣೆಯ ತಾತ್ಪರ್ಯ. ಹಟ್ಟಿಯ ಹಸುವಿಗೆ ಸಲ್ಲುವ ಈ ವಿವೇಕ ಮನೆಯ ಹಿರಿಯರಿಗೂ ಸಲ್ಲಬೇಡವೇ? ನೆನಪು ಮಾಸಿದವರನ್ನು, ತೀವ್ರ ರೋಗದಲ್ಲಿರುವವರನ್ನು ಒಬ್ಬರನ್ನೇ ಕಳುಹಿಸಲಾಗದು, ನಿಜ. ಆದರೆ ಬುದ್ಧಿ ಚುರುಕಾಗಿದ್ದು ಕಾಲು ಮಾತ್ರ ನಿಧಾನವಾದವರನ್ನು ಕಾಳಜಿಯ ಹೆಸರಿನಲ್ಲಿ ಕಟ್ಟಿಹಾಕುವುದು ರಕ್ಷಣೆಯಾಗದು.

ಹಿರಿಯರ ಕಡೆಯಿಂದಲೂ ಒಂದು ತಡೆಯಿದೆ. ಅದರ ಹೆಸರು ಮಾನಕಷಾಯ. ಗಾಲಿಕುರ್ಚಿ ಕೇಳಲು ಸಂಕೋಚ, ‘ಸ್ವಲ್ಪ ಕೈ ಕೊಡಿ’ ಎನ್ನಲು ನಾಚಿಕೆ. ಕೆಲವರು ಇದಕ್ಕೆ ಏಕತ್ವ ಭಾವನೆಯ ಆಧಾರ ಕೊಡುವುದುಂಟು: ಜೀವ ಒಂಟಿಯಾಗಿ ಬಂದಿತು, ಒಂಟಿಯಾಗಿಯೇ ಹೋಗುವುದು, ಮತ್ತೊಬ್ಬರ ಹಂಗೇಕೆ ಎಂದು. ಕರ್ಮಫಲವನ್ನು ತಾನೊಬ್ಬನೇ ಉಣ್ಣಬೇಕೆಂಬುದು ಏಕತ್ವದ ಮಾತು. ನೆರವಿನ ಕೈಯನ್ನು ತಳ್ಳಬೇಕೆಂದು ಅದು ಹೇಳುವುದಿಲ್ಲ. ಜೀವಗಳ ಉಪಕಾರ ಪರಸ್ಪರವಾದುದೆಂದು ಬೋಧಿಸಿದ್ದೂ ಇದೇ ಪರಂಪರೆ. ನೆರವು ಪಡೆಯುವವರು ತಮ್ಮ ಮಾನವನ್ನು ಕರಗಿಸಿಕೊಳ್ಳುತ್ತಾರೆ, ನೀಡುವವರು ತಮ್ಮ ಪ್ರಮಾದವನ್ನು. ಉಪಕಾರ ಹೀಗೆ ಎರಡು ದಡಕ್ಕೂ ಸಲ್ಲುತ್ತದೆ.

ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪವನ್ನೂ ಶಕ್ತಿಗೆ ತಕ್ಕಂತೆ ಎಂದೇ ಹೇಳಿದೆ. ಪಯಣಕ್ಕೂ ಅದೇ ಅಳತೆ ಒಪ್ಪುತ್ತದೆ. ಸೂರ್ಯಾಸ್ತದೊಳಗೆ ಊಟ ಮುಗಿಸುವ ಶ್ರಾವಿಕೆ ಹಗಲಿನ ಬಂಡಿಯನ್ನೇ ಆರಿಸಿಕೊಂಡರೆ ವ್ರತವೂ ಉಳಿಯುತ್ತದೆ, ಕತ್ತಲಿನ ತೊಡಕೂ ತಪ್ಪುತ್ತದೆ. ಹೆಗಲಿಗೆ ಭಾರವಾಗದ ಒಂದೇ ಚೀಲ ಸಾಕು. ಅಪರಿಗ್ರಹದ ಬೆಲೆ ಮೆಟ್ಟಿಲ ಬುಡದಲ್ಲಿ ನಿಂತಾಗ ಚೆನ್ನಾಗಿ ತಿಳಿಯುತ್ತದೆ. ನಿಲ್ದಾಣದಲ್ಲಿ ಎದುರುಗೊಳ್ಳುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಂಡರೆ ಮಕ್ಕಳ ಅರ್ಧ ಚಿಂತೆ ಇಳಿಯುತ್ತದೆ. ನಾಲ್ಕು ಮೊಳ ಮುಂದಿನ ನೆಲ ನೋಡಿ ಅಡಿಯಿಡುವ ಈರ್ಯಾಸಮಿತಿ ಮುನಿಗಳದು. ಸಣ್ಣ ಜೀವಿಗಳನ್ನು ಕಾಯುವ ಆ ಎಚ್ಚರ, ಕಲ್ಲುಚಪ್ಪಡಿ ಎದ್ದ ಪಾದಚಾರಿ ಮಾರ್ಗದಲ್ಲಿ ಮುಪ್ಪಿನ ಮೂಳೆಯನ್ನೂ ಕಾಯುತ್ತದೆ.

ಉಳಿದ ಹೊಣೆ ಮಹಾನಗರದ್ದು. 2017ರಿಂದ ಶ್ರವಣಬೆಳಗೊಳದ ಮಾರ್ಗವಾಗಿ ಬೆಂಗಳೂರಿಗೆ ರೈಲು ಓಡುತ್ತಿದೆ. 2023ರ ಜೂನ್‌ನಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ನಾಡಿನ ಮಹಿಳೆಯರಿಗೆ ಟಿಕೆಟ್ಟಿನ ಹಣದ ತಡೆಯಿಲ್ಲ. ತಡೆ ಉಳಿದಿರುವುದು ಬಸ್ಸಿನ ಎತ್ತರದ ಮೆಟ್ಟಿಲಿನಲ್ಲಿ, ನಿಲ್ದಾಣದ ಉದ್ದದ ಮೇಲ್ಸೇತುವೆಯಲ್ಲಿ, ಹಿಂದಿನಿಂದ ತಳ್ಳುವ ಜನರ ಅವಸರದಲ್ಲಿ. ಸಾರ್ವಜನಿಕ ಸಾರಿಗೆ ಎಲ್ಲರಿಗೂ ಎಟುಕುವಂತಿರಬೇಕೆಂದು ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರಲ್ಲೇ ಹೇಳಿದೆ. ಹೀಗಿದ್ದರೂ ಅನೇಕ ವೃದ್ಧೆಯರು ಪಯಣದ ದಿನ ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ. ಸೋತ ಮಂಡಿಯಲ್ಲಿ ಕುಕ್ಕರಿಸಿ ಎದ್ದೇಳಬಲ್ಲ ಶೌಚಾಲಯ ದಾರಿಯಲ್ಲಿ ಸಿಗದೆಂಬ ಅಂಜಿಕೆ. ಅದೇ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ, ಅನ್ನ ನೀರನ್ನು ತಡೆಯುವುದು. ಯಾರೂ ಕೈಯಾರೆ ತಡೆದಿಲ್ಲ, ಆದರೂ ನೀರು ತಡೆಯಲ್ಪಟ್ಟಿದೆ. ಆಕೆಯ ಬಾಯಾರಿಕೆಯಲ್ಲಿ ನಗರದ ಪಾಲೂ ಇದೆ.

ಆರು ಅಂತರಂಗ ತಪಗಳಲ್ಲಿ ವೈಯಾವೃತ್ಯವೂ ಒಂದು. ಮುನಿಸಂಘದ ಸೇವೆಯನ್ನು ಕುರಿತು ಹೇಳುವಾಗ ಶಾಸ್ತ್ರ ರೋಗಿಯನ್ನು ಪ್ರತ್ಯೇಕವಾಗಿ ಹೆಸರಿಸಿದೆ. ಬಸದಿಯಲ್ಲಿ ತ್ಯಾಗಿಗಳ ಸೇವೆಗೆ ಮುಂದಾಗುವ ಶ್ರಾವಕರಿಗೆ ರೈಲಿನ ಬಾಗಿಲಲ್ಲಿ ಕಂಬಿ ಹಿಡಿದು ತಡವರಿಸುವ ಅಪರಿಚಿತ ಅಜ್ಜಿಯೂ ಕಾಣಬೇಕು. ಚೀಲ ಇಳಿಸಿಕೊಡುವುದು, ರಸ್ತೆ ದಾಟುವಾಗ ಅವರ ಹೆಜ್ಜೆಗೆ ಹೆಜ್ಜೆ ಕೂಡಿಸುವುದು, ಆಟೊ ಹತ್ತಿಸಿ ವಿಳಾಸ ಹೇಳುವುದು: ಇದಕ್ಕೆ ದೀಕ್ಷೆ ಬೇಡ, ಐದು ನಿಮಿಷ ಸಾಕು. ಕೇಳಿ ನೆರವಾಗಬೇಕು, ಕೇಳದೆ ತೋಳು ಹಿಡಿದೆಳೆಯಬಾರದು.

ಆ ಶ್ರಾವಿಕೆ ಅಕ್ಕನ ಮನೆಯನ್ನು ಮುಟ್ಟುವುದಕ್ಕೆ ಹೀಗೆ ನಾಲ್ಕೈದು ಕೈಗಳು ಬೇಕಾಗಬಹುದು. ಕ್ಷಮೆ ಬೇಡುವುದು ಮಾತ್ರ ಆಕೆಯೊಬ್ಬಳಿಂದಲೇ ಆಗಬೇಕಾದ ಕೆಲಸ. ಅದನ್ನು ಯಾವ ಡೋಲಿಯೂ ಹೊರಲಾರದು. ಅಕ್ಕನ ಹಾಸಿಗೆಯ ಬಳಿಗೆ ಆಕೆಯನ್ನು ತಲುಪಿಸುವ ಪುಣ್ಯ ಮಗನಿಗೂ ಸಹಪ್ರಯಾಣಿಕನಿಗೂ ನಗರಕ್ಕೂ ತೆರೆದೇ ಇದೆ.