ರಿಂಗ್ ಆಮೇಲೆ, ಮೊದಲು ಡ್ರಿಬಲ್



ಮುಂದಿನ ಸಭೆಯಲ್ಲಿ ನಮ್ಮ ಘಟಕದ ಆಟದ ಹಣದ ವಿಷಯ ಚರ್ಚೆಗೆ ಬರಲಿದೆ. ಹೊಸ ಜೆರ್ಸಿ ಬೇಕೆಂಬ ಒತ್ತಾಯ ಜೋರಾಗಿದೆ. ನನ್ನ ಅಭಿಪ್ರಾಯ ಬೇರೆ. ಜೆರ್ಸಿ ಮುಂದಿನ ವರ್ಷಕ್ಕಿರಲಿ, ಈ ಸಲ ಬಾಸ್ಕೆಟ್‌ಬಾಲ್ ಚೆಂಡುಗಳನ್ನು ತರೋಣ. ಒಂದು ಚೆಂಡಿಗೆ ಇಪ್ಪತ್ತು ಮಂದಿ ಕಾದು ನಿಲ್ಲುವುದನ್ನು ಆಟ ಎನ್ನುವುದಿಲ್ಲ, ರೇಷನ್ ಅಂಗಡಿಯ ಸಾಲು ಎನ್ನುತ್ತಾರೆ.

ಭಾನುವಾರ ಪೂಜೆ ಮುಗಿದ ಮೇಲೆ ಮೈದಾನದ ಕಡೆ ಒಮ್ಮೆ ನೋಡಿ. ದೊಡ್ಡ ಹುಡುಗರು ರಿಂಗಿನ ಕೆಳಗೆ ನಿಂತು ಒಬ್ಬರಾದ ಮೇಲೆ ಒಬ್ಬರು ಶೂಟ್ ಮಾಡುತ್ತಿರುತ್ತಾರೆ. ಹುಡುಗಿಯರು, ಎಂಟನೇ ಒಂಬತ್ತನೇ ತರಗತಿಯ ಮಕ್ಕಳು ಕಟ್ಟೆಯ ಮೇಲೆ. ಮ್ಯಾಚಿನ ದಿನ ಎದುರಾಳಿ ಒಬ್ಬ ಹತ್ತಿರ ಬಂದರೆ ಸಾಕು, ಇದೇ ಶೂಟರ್‌ಗಳು ಚೆಂಡನ್ನು ಎರಡೂ ಕೈಯಲ್ಲಿ ಅವುಚಿಕೊಳ್ಳುತ್ತಾರೆ. ಒಮ್ಮೆ ಹಿಡಿದ ಮೇಲೆ ಮತ್ತೆ ಪುಟಿಸುವಂತಿಲ್ಲ, ಅದು ಡಬಲ್ ಡ್ರಿಬಲ್. ಎಂಟು ಸೆಕೆಂಡಿನೊಳಗೆ ಚೆಂಡು ನಡುಗೆರೆ ದಾಟಬೇಕು. ಗಾಬರಿಯಲ್ಲಿ ಎಸೆದ ಪಾಸ್ ಯಾರ ಕೈ ಸೇರುತ್ತದೆಂದು ನಮಗೆಲ್ಲ ಗೊತ್ತು.

"ಡ್ರಿಬಲ್ ಎಲ್ಲ ಬರೀ ಶೋ" ಎನ್ನುವವರಿದ್ದಾರೆ. ಅವರಿಗೆ ಸ್ವಲ್ಪ ಚರಿತ್ರೆ. ಈ ಆಟ ಹುಟ್ಟಿದ್ದೇ ಒಂದು ಕ್ರೈಸ್ತ ಯುವ ಸಂಘಟನೆಯ ಮಡಿಲಲ್ಲಿ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಇದನ್ನು ರೂಪಿಸಿದರು. ಅವರು ಬರೆದ 13 ನಿಯಮಗಳಲ್ಲಿ ಡ್ರಿಬಲ್ ಇರಲೇ ಇಲ್ಲ. ಚೆಂಡು ಸಿಕ್ಕಿದ ಜಾಗದಿಂದಲೇ ಎಸೆಯಬೇಕು, ಹಿಡಿದು ಓಡುವಂತಿಲ್ಲ. ಎದುರಾಳಿ ಸುತ್ತುಗಟ್ಟಿದಾಗ ಪಾರಾಗಲು ಆಟಗಾರರೇ ಕಂಡುಕೊಂಡ ಉಪಾಯ, ನೆಲಕ್ಕೆ ಪುಟಿಸಿ ತಾವೇ ಹಿಡಿಯುವುದು. ಹಾಗೆ ನೋಡಿದರೆ ಡ್ರಿಬಲ್ ಬಂದದ್ದು ಇಕ್ಕಟ್ಟಿನಿಂದ, ಶೋಕಿಯಿಂದಲ್ಲ.

ಪಾಸ್ ಡ್ರಿಬಲ್‌ಗಿಂತ ವೇಗ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಎಷ್ಟೇ ಓಡಿದರೂ ಎಸೆದ ಚೆಂಡನ್ನು ಯಾರೂ ಹಿಂದೆ ಹಾಕಲಾರರು. ಆದರೆ ಪಾಸ್ ಕೊಡಲು ಗೆಳೆಯ ಎಲ್ಲಿದ್ದಾನೆಂದು ಕಾಣಬೇಕಲ್ಲ? ಕಣ್ಣು ಚೆಂಡಿನ ಮೇಲೆಯೇ ನೆಟ್ಟಿದ್ದರೆ ಹೇಗೆ ಕಾಣುತ್ತದೆ? ಕೈಗೆ ಅಭ್ಯಾಸ ಮಾಡಿಸುವುದು ಕಣ್ಣನ್ನು ಬಿಡಿಸಿಕೊಳ್ಳುವುದಕ್ಕೆ.

ಬಿಎಸ್ಸಿಯ ಒಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ, ಬೇಸರಿಸಬೇಡಿ. ಒಂದು ಮೀಟರ್ ಎತ್ತರದಿಂದ ತಾನಾಗಿ ಬೀಳುವ ಚೆಂಡು ನೆಲ ಮುಟ್ಟಲು ಸುಮಾರು 0.45 ಸೆಕೆಂಡು ಬೇಕು. ಅರ್ಧ ಮೀಟರಿನಿಂದ ಬಿದ್ದರೆ 0.32. ಕೈಯಿಂದ ಒತ್ತಿದಾಗ ಎರಡೂ ಕಡಿಮೆಯಾಗುತ್ತವೆ, ಆದರೆ ತಗ್ಗಿನ ಡ್ರಿಬಲ್ ಬೇಗ ಕೈಗೆ ಮರಳುವುದು ತಪ್ಪುವುದಿಲ್ಲ. ಚೆಂಡು ನಿಮ್ಮ ಕೈಯಲ್ಲಿಲ್ಲದ ಪ್ರತಿ ಕ್ಷಣವೂ ಕಸಿಯುವವನ ಅವಕಾಶ. ಅದಕ್ಕೇ ಎದುರಾಳಿ ಹತ್ತಿರವಿದ್ದಾಗ ಮೊಣಕಾಲು ಬಗ್ಗಿಸಿ ತಗ್ಗಿನಲ್ಲಿ ಪುಟಿಸಿ, ಅವನಿಗೂ ಚೆಂಡಿಗೂ ನಡುವೆ ನಿಮ್ಮ ದೇಹ ಇರಲಿ. ಮುಂದೆ ಜಾಗ ಖಾಲಿಯಿದ್ದರೆ ಸೊಂಟದೆತ್ತರಕ್ಕೆ ಪುಟಿಸಿ ಓಡಿ.

ಅಂಗೈಯಿಂದ ಬಡಿಯಬೇಡಿ, ಬೆರಳುಗಳಿಂದ ಒತ್ತಿ. ಬಡಿದರೆ ಚೆಂಡು ಹೇಳಿದ ಮಾತು ಕೇಳುವುದಿಲ್ಲ. ಮತ್ತು ಎಡಗೈ! ಬಲಗೈ ಬಂಟರೆಲ್ಲ ಅರ್ಧ ಸಮಯ ಎಡಗೈಗೇ ಕೊಡಬೇಕು. ಒಂದೇ ಕೈಯವನನ್ನು ತಡೆಯಲು ಆ ಬದಿಗೆ ಹೋಗಿ ನಿಂತರಾಯಿತು, ಬೇರೆ ಜಾಣತನ ಬೇಕಿಲ್ಲ. ಇಬ್ಬರಿದ್ದರೆ ಇನ್ನೂ ಚೆನ್ನ: ಒಬ್ಬರು ಪುಟಿಸುತ್ತಿರಲಿ, ಎದುರಿನವರು ಬೆರಳು ಎತ್ತಿ ತೋರಿಸಲಿ, ಪುಟಿಸುವವರು ಎಷ್ಟೆಂದು ಜೋರಾಗಿ ಹೇಳಲಿ. ನೆಲ ನೋಡುವ ಚಟ ತಾನಾಗಿ ಬಿಡುತ್ತದೆ.

ಇದಕ್ಕೆಲ್ಲ ರಿಂಗ್ ಬೇಕೇ? ಬೇಡ, ಒಂದು ಚೆಂಡು, ಸ್ವಲ್ಪ ಗಟ್ಟಿ ನೆಲ. ಮುರಕಲ್ಲಿನ ಗುಡ್ಡದ ಮೇಲೆ ಆಗದು, ಚೆಂಡು ಎತ್ತ ಚಿಮ್ಮುತ್ತದೋ ದೇವರಿಗೇ ಗೊತ್ತು. ಮನೆಯಂಗಳ ಮಳೆಗಾಲದಲ್ಲಿ ಹಾವಸೆಗೆ ಜಾರುತ್ತದೆ, ಕ್ರಿಸ್ಮಸ್ ಹೊತ್ತಿಗೆ ಅಡಿಕೆಗೆ ಬಿಟ್ಟುಕೊಡಬೇಕು. ಅಡಿಕೆಯ ಮೇಲೆ ಚೆಂಡು ಹಾರಿಸಿದರೆ ಅಜ್ಜಿ ಏನು ಹೇಳುತ್ತಾರೆಂದು ಬರೆಯಬೇಕಾಗಿಲ್ಲ. ಆದ್ದರಿಂದ ಕ್ಯಾಟಿಕಿಸಂ ತರಗತಿಗಳ ಮುಂದಿನ ಸಿಮೆಂಟ್ ಜಗಲಿಯನ್ನು ಶನಿವಾರ ಸಂಜೆ ಒಂದು ಗಂಟೆ ಬಿಟ್ಟುಕೊಡಿ ಎಂದು ಫಾದರ್ ಅವರನ್ನು ಕೇಳೋಣ.

ಹುಡುಗಿಯರ ಮಾತು ಪ್ರತ್ಯೇಕವಾಗಿ ಹೇಳಬೇಕು. ನಮ್ಮಲ್ಲಿರುವುದು ಏಳನೇ ನಂಬರಿನ, ಸುಮಾರು 600 ಗ್ರಾಂ ತೂಗುವ ಗಂಡಸರ ಚೆಂಡು. ಮಹಿಳೆಯರ ಪಂದ್ಯಗಳಲ್ಲಿ ಬಳಸುವುದು ಆರನೇ ನಂಬರಿನದು, ಸುತ್ತಳತೆಯೂ ತೂಕವೂ ಕಡಿಮೆ. ಚಿಕ್ಕ ಕೈಗೆ ದೊಡ್ಡ ಚೆಂಡು ಕೊಟ್ಟು "ಇವರಿಗೆ ಥ್ರೋಬಾಲೇ ಸಾಕು" ಎನ್ನುವುದು ನ್ಯಾಯವಲ್ಲ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಮಹಿಳಾ ತಂಡದ ನಾಯಕಿಯಾಗಿದ್ದ ಪಿ.ಎಸ್. ಜೀನಾ ನಮ್ಮದೇ ರಾಜ್ಯದ ವಯನಾಡಿನವರು.

ನಾಲ್ಕು ಚೆಂಡು ತರೋಣ, ಅದರಲ್ಲಿ ಎರಡು ಆರನೇ ನಂಬರಿನವು, ಜೊತೆಗೊಂದು ಪಂಪ್. ಜೆರ್ಸಿಯೇ ಬೇಕೆನ್ನುವವರು ಸಭೆಗೆ ಬಂದು ವಾದಿಸಿ. ಹುಡುಗಿಯರು, ಚಿಕ್ಕವರು ಕೂಡ ಬನ್ನಿ, ಕೈ ಎತ್ತುವ ಹಕ್ಕು ನಿಮಗೂ ಇದೆ.