ಮುಚ್ಚಿಟ್ಟ ಭಾವ, ದಣಿಯುವ ದೇಹ

ಕಳೆದ ವರ್ಷ ತರಗತಿಯಲ್ಲಿ ಬೆಳಕಿನ ಚದರಿಕೆಯ ಪಾಠ ನಡೆದಿತ್ತು. ಅಲೆಯುದ್ದ ಕಿರಿದಾದಷ್ಟೂ ಬೆಳಕು ಗಾಳಿಯಲ್ಲಿ ಹೆಚ್ಚಾಗಿ ಚದರುವುದೆಂದೂ ಆಕಾಶವು ನೀಲಿಯಾಗಿ ತೋರುವುದು ಇದರಿಂದಲೇ ಎಂದೂ ವಿವರಿಸಿದೆನು. ಹಿಂದಿನ ಬೆಂಚಿನಿಂದ ವಿದ್ಯಾರ್ಥಿನಿಯೊಬ್ಬಳು ಎದ್ದು, "ನೇರಿಳೆಯ ಅಲೆಯುದ್ದ ನೀಲಿಗಿಂತಲೂ ಕಿರಿದಲ್ಲವೆ ಸಾರ್? ಹಾಗಿದ್ದರೆ ಆಕಾಶ ನೇರಿಳೆಯಾಗಿ ಏಕೆ ಕಾಣುವುದಿಲ್ಲ?" ಎಂದು ಕೇಳಿದಳು. ಉತ್ತರ ಆ ಕ್ಷಣಕ್ಕೆ ಹೊಳೆಯಲಿಲ್ಲ. ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯವೂ ಬರಲಿಲ್ಲ. "ಅದು ಪಠ್ಯಕ್ಕೆ ಸೇರಿದ್ದಲ್ಲ, ಕುಳಿತುಕೊ" ಎಂದುಬಿಟ್ಟೆ. ಮುಖದ ಮೇಲೆ ಗಾಂಭೀರ್ಯವೇನೋ ಇತ್ತು. ಆದರೆ ಎದೆ ಡವಗುಟ್ಟುತ್ತಿತ್ತು, ಬಾಯಿ ಒಣಗಿತ್ತು. ಆ ರಾತ್ರಿ ಊಟವೂ ಸೇರಲಿಲ್ಲ.

ಮನಸ್ಸಿನ ಕಸಿವಿಸಿಗಾಗಿ ಹೊಟ್ಟೆಯೇಕೆ ಮುಷ್ಕರ ಹೂಡಬೇಕು? ಹೊಟ್ಟೆಕಿಚ್ಚು, ಎದೆಗುದಿ, ಕರುಳಿನ ಸಂಕಟ ಎಂದು ದಿನನಿತ್ಯವೂ ಆಡುವ ನಮಗೆ ಈ ನಂಟು ಹೊಸದಲ್ಲ. ವಿಜ್ಞಾನವು ಅದನ್ನು ಕಣ್ಣಾರೆ ಕಂಡದ್ದು ಮಾತ್ರ ಈಚೆಗೆ. 1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಆಕಸ್ಮಿಕವಾಗಿ ಗುಂಡು ತಗುಲಿ ಜಠರಕ್ಕೆ ರಂಧ್ರವಾಯಿತು. ಅವನು ಬದುಕಿಕೊಂಡನಾದರೂ ರಂಧ್ರ ಮುಚ್ಚಲಿಲ್ಲ. ಸೈನ್ಯದ ವೈದ್ಯರಾಗಿದ್ದ ವಿಲಿಯಂ ಬೋಮಾಂಟರು ಆ ಕಿಟಕಿಯ ಮೂಲಕ ವರ್ಷಗಟ್ಟಲೆ ಜೀರ್ಣಕ್ರಿಯೆಯನ್ನು ಪರೀಕ್ಷಿಸಿ 1833ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಸಿಟ್ಟು ಬಂದಾಗ ಜೀರ್ಣಕ್ರಿಯೆ ಕೆಡುವುದನ್ನು ಅವರು ಅದರಲ್ಲಿ ಗುರುತಿಸಿದ್ದಾರೆ.

ಮುಂದಿನ ಹೆಜ್ಜೆಗೆ ನೆರವಾದದ್ದು ಭೌತವಿಜ್ಞಾನ. 1895ರಲ್ಲಿ ರಾಂಟ್‌ಜೆನ್ನರು ಕ್ಷ-ಕಿರಣಗಳನ್ನು ಕಂಡುಹಿಡಿದರಷ್ಟೆ. ಒಂದೆರಡು ವರ್ಷಗಳಲ್ಲೇ ಹಾರ್ವರ್ಡಿನ ವಾಲ್ಟರ್ ಕ್ಯಾನನ್ನರು ಬೆಕ್ಕುಗಳಿಗೆ ಬಿಸ್ಮತ್ ಬೆರೆಸಿದ ಆಹಾರವನ್ನು ತಿನ್ನಿಸಿ, ಜಠರದ ಚಲನೆಯನ್ನು ಆ ಕಿರಣಗಳಿಂದ ನೋಡತೊಡಗಿದರು. ಬೆಕ್ಕು ಕಳವಳಗೊಂಡೊಡನೆ ಜಠರ ನಿಶ್ಚಲವಾಗುತ್ತಿತ್ತು. ಸಮಾಧಾನಗೊಂಡರೆ ಮತ್ತೆ ಚಲಿಸುತ್ತಿತ್ತು. ಭಯವೋ ಕೋಪವೋ ತಲೆದೋರಿದಾಗ, ನಮ್ಮ ಇಚ್ಛೆಗೆ ಒಳಪಡದ ಅನುವೇದನಾ ನರಗಳು ಕೆರಳುತ್ತವೆ. ಮೂತ್ರಪಿಂಡಗಳ ನೆತ್ತಿಯಲ್ಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸೇರಿಸುತ್ತವೆ. ನಾಡಿ ಚುರುಕಾಗುತ್ತದೆ, ರಕ್ತವು ಹೊಟ್ಟೆಯನ್ನು ಬಿಟ್ಟು ಕೈಕಾಲಿನ ಸ್ನಾಯುಗಳತ್ತ ಹರಿಯುತ್ತದೆ. ಕಾದಾಡಲು ಅಥವಾ ಓಡಲು ಇದು ತಕ್ಕ ಸಿದ್ಧತೆಯೇ ಸರಿ. ಹುಲಿಯಿಂದ ತಪ್ಪಿಸಿಕೊಂಡವನ ದೇಹ ಸ್ವಲ್ಪ ಹೊತ್ತಿನಲ್ಲಿ ಯಥಾಸ್ಥಿತಿಗೆ ಬರುತ್ತದೆ. ಆದರೆ ಪ್ರತಿದಿನವೂ ಹತ್ತು ಗಂಟೆಗೆ ಕಚೇರಿಯಲ್ಲಿ ಎದುರಾಗುವ ಹುಲಿಯಿಂದ ಓಡುವುದೆಲ್ಲಿಗೆ? ಬಹುಕಾಲ ಬಿಡದ ಒತ್ತಡವು ಹೃದ್ರೋಗಕ್ಕೆ ಎಡೆಗೊಡುವ ಕಾರಣಗಳಲ್ಲೊಂದು.

ಮುಖವಾಡ ಧರಿಸಿದರೆ ದೇಹ ಮೋಸಹೋಗುವುದೆ? ಇಲ್ಲವೆಂದೇ ಹೇಳಬೇಕು. 1997ರಲ್ಲಿ ಗ್ರಾಸ್ ಮತ್ತು ಲೆವೆನ್‌ಸನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ದುಃಖದ ಮತ್ತು ನಗೆಯ ಚಲನಚಿತ್ರಗಳನ್ನು ತೋರಿಸಿ, ಕೆಲವರಿಗೆ ಭಾವವನ್ನು ಹೊರಗೆಡಹಬಾರದೆಂದು ಸೂಚಿಸಲಾಗಿತ್ತು. ಇವರ ಮುಖಗಳೇನೋ ಶಾಂತವಾದವು. ಆದರೆ ಹೃದಯ ಮತ್ತು ರಕ್ತನಾಳಗಳ ಮೇಲೆ ಅನುವೇದನಾ ನರಗಳ ಕೆಲಸ ಹೆಚ್ಚಾಗಿತ್ತು. ಯಾವ ಭಾವವನ್ನೂ ಕೆರಳಿಸದ ಚಿತ್ರವನ್ನು ನೋಡುವಾಗ ಈ ವ್ಯತ್ಯಾಸ ಕಂಡುಬರಲಿಲ್ಲ. ಬಚ್ಚಿಡಲು ಏನಾದರೂ ಇದ್ದಾಗ ಮಾತ್ರ ಬಚ್ಚಿಡುವ ದುಡಿಮೆಯ ವೆಚ್ಚ ಬೀಳುತ್ತದೆ ಎಂಬುದು ಇದರ ತಾತ್ಪರ್ಯ.

ಇಲ್ಲಿ ಎರಡು ತಪ್ಪು ತೀರ್ಮಾನಗಳಿಗೆ ಜಾರುವುದು ಸುಲಭ. ಮೊದಲನೆಯದು, ಭಾವವನ್ನು ಮುಚ್ಚಿದ ಪಾತ್ರೆಯ ಹಬೆಗೆ ಹೋಲಿಸಿ, ಹೊರಗೆ ಬಿಟ್ಟರೆ ಒತ್ತಡ ಇಳಿಯುವುದೆಂಬ ನಂಬಿಕೆ. ಭೌತವಿಜ್ಞಾನದ ಅಧ್ಯಾಪಕನಾಗಿ ಈ ಹೋಲಿಕೆಯನ್ನು ನಾನು ಒಪ್ಪಲಾರೆ. ಹಬೆಗೆ ನೆನಪಿಲ್ಲ, ಮನುಷ್ಯನಿಗುಂಟು. 2002ರಲ್ಲಿ ಬ್ರಾಡ್ ಬುಷ್‌ಮನ್ನರು ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವರನ್ನು ನೆನೆನೆನೆದು ಮರಳಿನ ಚೀಲದಂಥ ಚೀಲವನ್ನು ಗುದ್ದಿದವರ ಸಿಟ್ಟು, ಸುಮ್ಮನೆ ಕುಳಿತವರದಕ್ಕಿಂತ ಹೆಚ್ಚಾಗಿಯೇ ಉಳಿಯಿತು. ಸಿಕ್ಕಸಿಕ್ಕವರ ಮೇಲೆ ಹರಿಹಾಯುವುದು ಪ್ರಾಮಾಣಿಕತೆಯಲ್ಲ.

ಎರಡನೆಯ ತಪ್ಪು ಇದಕ್ಕಿಂತ ಕ್ರೂರವಾದದ್ದು: ರೋಗಿಯ ರೋಗಕ್ಕೆ ಅವನ ಮನಸ್ಸೇ ಕಾರಣವೆಂದು ಬೆರಳು ತೋರಿಸುವುದು. ಜಠರದ ಹುಣ್ಣು ಚಿಂತೆಯಿಂದ ಬರುತ್ತದೆಂದು ಬಹುಕಾಲ ನಂಬಲಾಗಿತ್ತು. 1982ರಲ್ಲಿ ಆಸ್ಟ್ರೇಲಿಯದ ವಾರೆನ್ ಮತ್ತು ಮಾರ್ಷಲ್ ಎಂಬ ವೈದ್ಯರು, ಈಗ ಹೆಲಿಕೊಬ್ಯಾಕ್ಟರ್ ಪೈಲೊರಿ ಎನ್ನಲಾಗುವ ಬ್ಯಾಕ್ಟೀರಿಯವನ್ನು ಜಠರದಲ್ಲಿ ಕಂಡರು. ಬಹುಪಾಲು ಹುಣ್ಣುಗಳಿಗೆ ಮೂಲ ಅದೇ ಅಥವಾ ಕೆಲವು ನೋವುನಿವಾರಕ ಔಷಧಿಗಳೇ ಎಂಬುದು ಬಳಿಕ ಸ್ಥಿರಪಟ್ಟಿತು. 2005ರ ನೊಬೆಲ್ ಪಾರಿತೋಷಕ ಇವರಿಗೆ ಸಂದಿತು. "ಚಿಂತೆ ಬಿಡು, ವಾಸಿಯಾಗುತ್ತದೆ" ಎನಿಸಿಕೊಂಡು ನರಳಿದವರೆಷ್ಟೋ! ಭಾವಗಳು ದೇಹವನ್ನು ತಟ್ಟುವುದು ನಿಜ. ಎಲ್ಲ ವ್ಯಾಧಿಯೂ ಭಾವದಿಂದಲೇ ಎನ್ನುವುದು ಸುಳ್ಳು. ಚಿಕಿತ್ಸೆ ಬೇಕಾದಲ್ಲಿ ವೈದ್ಯರ ಬಳಿಗೇ ಹೋಗಬೇಕು.

ಹಾಗಾದರೆ ಮಾಡತಕ್ಕದ್ದೇನು? ತನಗಾದದ್ದನ್ನು ತನ್ನೊಳಗಾದರೂ ಹೆಸರಿಟ್ಟು ಕರೆಯುವುದು ಮೊದಲ ಹೆಜ್ಜೆ. 1986ರಲ್ಲಿ ಪೆನ್ನೆಬೇಕರ್ ಮತ್ತು ಬೀಲ್ ಎಂಬ ಸಂಶೋಧಕರು, ಮನಸ್ಸನ್ನು ಕಲಕಿದ ಅನುಭವಗಳನ್ನೂ ಅವುಗಳ ಬಗ್ಗೆ ತಮಗನಿಸಿದ್ದನ್ನೂ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯಕೇಂದ್ರಕ್ಕೆ ಕಡಿಮೆ ಸಲ ಹೋದರೆಂದು ವರದಿ ಮಾಡಿದರು. ಅನಂತರದ ಅಧ್ಯಯನಗಳಲ್ಲಿ ಈ ಪ್ರಯೋಜನ ಸಣ್ಣದೆಂದು ಕಂಡಿದೆ. ಸಣ್ಣದಾದರೂ, ಅದಕ್ಕೆ ಬೇಕಾದದ್ದು ಒಂದು ಹಾಳೆ, ಒಂದು ಲೇಖನಿ.

ಆದರೆ ಎಲ್ಲವನ್ನೂ ಕಾಗದಕ್ಕೇ ಹೇಳಿ ತೃಪ್ತಿಪಡಬೇಕೆ? "ನಿಜವಾಗಿ ಬಾಳು" ಎಂದು ಉಪದೇಶಿಸುವುದು ಸುಲಭ. ಮೇಲಧಿಕಾರಿಯೆದುರು ನಿಂತ ಗುಮಾಸ್ತನಿಗೂ ಅತ್ತೆಯ ಮನೆಗೆ ಹೊಸದಾಗಿ ಬಂದ ಸೊಸೆಗೂ ನಿಜವನ್ನಾಡಿದರೆ ತೆರಬೇಕಾದ ಬೆಲೆ ಹೆಚ್ಚು. ಅವರ ಮೌನ ಅವರ ದೋಷವಲ್ಲ. ಮೊದಲು ಮುಖವಾಡವನ್ನು ಕಳಚಬೇಕಾದವರು, ಕಳಚಿದರೆ ಹೆಚ್ಚೇನೂ ಕಳೆದುಕೊಳ್ಳದವರು: ಅಧಿಕಾರಿ, ಮನೆಯ ಹಿರಿಯ, ಅಧ್ಯಾಪಕ. "ತಪ್ಪಾಯಿತು", "ನನಗೆ ತಿಳಿಯದು" ಎಂಬ ಮಾತುಗಳು ಮೇಲಿನವರ ಬಾಯಿಂದ ಬಂದಲ್ಲಿ, ಕೆಳಗಿನವರಿಗೂ ಭಯವಿಲ್ಲದೆ ಮಾತನಾಡುವ ಎಡೆ ದೊರೆಯುತ್ತದೆ. ಇದನ್ನು ನಾನು ನೀತಿಯ ಪ್ರಶ್ನೆಯೆಂದಷ್ಟೇ ಅಲ್ಲ, ಆರೋಗ್ಯದ ಪ್ರಶ್ನೆಯೆಂದೂ ಎಣಿಸುತ್ತೇನೆ.

ಮರುದಿನ ತರಗತಿಗೆ ಹೋದೊಡನೆ, "ನಿನ್ನೆ ನನಗೆ ಉತ್ತರ ತಿಳಿದಿರಲಿಲ್ಲ, ತಿಳಿದಂತೆ ನಟಿಸಿದೆ" ಎಂದು ಆ ಹುಡುಗಿಗೆ ಹೇಳಿದೆನು. ನಮಗೆ ತಲುಪುವ ಸೂರ್ಯನ ಬೆಳಕಿನಲ್ಲಿ ನೇರಿಳೆಯ ಪಾಲು ಕಡಿಮೆಯೆಂದೂ, ನಮ್ಮ ಕಣ್ಣು ನೇರಿಳೆಯನ್ನು ನೀಲಿಯಷ್ಟು ಚೆನ್ನಾಗಿ ಗ್ರಹಿಸಲಾರದೆಂದೂ ರಾತ್ರಿ ಓದಿಕೊಂಡಿದ್ದನ್ನು ವಿವರಿಸಿದೆನು. ತರಗತಿಯಲ್ಲಿ ಯಾರೂ ನಗಲಿಲ್ಲ. ಅಂದು ಮೂವರು ಹೊಸದಾಗಿ ಪ್ರಶ್ನೆ ಕೇಳಿದರು. ಅವುಗಳಲ್ಲಿ ಒಂದಕ್ಕೆ, "ಗೊತ್ತಿಲ್ಲ, ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ" ಎಂದೆ. ಎದೆ ಡವಗುಟ್ಟಲಿಲ್ಲ.