ಹಿತ್ತಲ ಗಿಡಕ್ಕೆ ಪರೀಕ್ಷೆ ಬೇಡವೆ?

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ನಮ್ಮ ಹಿರಿಯರು ಮೂದಲಿಕೆಯಾಗಿ ಆಡಿದರು. ಕೈಗೆಟಕುವ ವಸ್ತುವಿನ ಬೆಲೆ ನಮಗೆ ತಿಳಿಯದು ಎಂಬುದು ಅದರ ಇಂಗಿತ. ಈಗ ಗಾಳಿ ತಿರುಗಿದೆ. ಹಿತ್ತಲ ಗಿಡವೆಲ್ಲ ಮದ್ದು, ಅದೂ ಕ್ಯಾನ್ಸರಿಗೇ ಮದ್ದು ಎಂದು ಸಾರುವವರು ಹೆಚ್ಚಿದ್ದಾರೆ. ಮದುವೆಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಕಡೆಗೆ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿಯೂ ಇದೇ ಮಾತು. ಅನುಮಾನ ತೋರಿದರೆ, "ಕನ್ನಡ ಮೇಷ್ಟರಾಗಿ ನೀವೇ ನಮ್ಮ ಪರಂಪರೆಯನ್ನು ಹಳಿಯುವುದೆ?" ಎಂಬ ಪ್ರಶ್ನೆ. ಪರಂಪರೆಯನ್ನು ಹಳಿಯುತ್ತಿರುವವರು ಯಾರು ಎಂಬುದನ್ನು ವಾಚಕರೇ ತೀರ್ಮಾನಿಸಲಿ.

ಮೊದಲು ಹೆಸರುಗಳ ವಿಚಾರ. ಶಬ್ದವೇ ನನ್ನ ಕಸುಬಲ್ಲವೆ? ಇಂದು ಬಹಳ ಪ್ರಚಾರದಲ್ಲಿರುವ ಗಿಡಗಳು ಲಕ್ಷ್ಮೀತರು ಮತ್ತು ಲಕ್ಷ್ಮಣಫಲ. ಹೆಸರು ಕೇಳಿದೊಡನೆ ಕೈಮುಗಿಯಬೇಕೆನಿಸುತ್ತದೆ. ಋಷಿಗಳು ಕಂಡ ಮೂಲಿಕೆಗಳೆಂದೇ ಅನೇಕರು ಬಗೆದಿದ್ದಾರೆ. ವಾಸ್ತವವಾಗಿ ಎರಡೂ ಅಮೆರಿಕ ಖಂಡದ ಉಷ್ಣವಲಯದವು. ಲಕ್ಷ್ಮೀತರು ನಮ್ಮ ದೇಶಕ್ಕೆ ಬಂದದ್ದು 1960ರ ದಶಕದಲ್ಲಿ, ಅದೂ ಬೀಜದ ಎಣ್ಣೆಗಾಗಿ. ಪರದೇಶದ್ದಾದ ಮಾತ್ರಕ್ಕೆ ಗಿಡ ಕೆಟ್ಟದ್ದಲ್ಲ. ಆದರೆ ದೇವರ ಹೆಸರಿಟ್ಟ ಮಾತ್ರಕ್ಕೆ ಅದು ಔಷಧವೂ ಆಗದು. ಇವುಗಳ ಎಲೆಯ ಕಷಾಯದಿಂದ ಕ್ಯಾನ್ಸರ್ ಗುಣವಾಗುವುದೆಂದು ರೋಗಿಗಳ ಮೇಲಿನ ಕ್ರಮಬದ್ಧ ಪರೀಕ್ಷೆಯಿಂದ ಸ್ಥಿರಪಟ್ಟಿಲ್ಲ. ಗಾಜಿನ ತಟ್ಟೆಯಲ್ಲಿ ಜೀವಕೋಶ ಸತ್ತಿತು ಎಂಬುದು ಒಂದು ಮಾತು, ಮನುಷ್ಯ ಬದುಕಿದ ಎಂಬುದು ಇನ್ನೊಂದು. ಗಟ್ಟಿ ಉಪ್ಪುನೀರು ಸುರಿದರೂ ತಟ್ಟೆಯ ಕೋಶ ಸಾಯುತ್ತದೆ.

ಇತ್ತ ನಮ್ಮ ಸಹ್ಯಾದ್ರಿಯಲ್ಲಿ ನಿಜವಾಗಿಯೂ ಬೆಲೆಯುಳ್ಳ ಒಂದು ಮರವಿದೆ. ನಾವು ಅದಕ್ಕೆ ಕೊಟ್ಟ ಹೆಸರು ದುರ್ವಾಸನೆ ಮರ! 1966ರಲ್ಲಿ ಅಮೆರಿಕದ ವಾಲ್ ಮತ್ತು ನಮ್ಮ ದೇಶದಿಂದ ಹೋದ ಮನ್ಸುಖ್ ವಾಣಿ ಚೀನಾದ ಒಂದು ಮರದಿಂದ ಕ್ಯಾಂಪ್ಟೋಥೆಸಿನ್ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಅದೇ ದ್ರವ್ಯ ನಮ್ಮ ದುರ್ವಾಸನೆ ಮರದಲ್ಲಿಯೂ ಇದೆಯೆಂದು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿಕೊಟ್ಟರು. ಆದರೆ ಅದನ್ನು ಇದ್ದಂತೆಯೇ ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತಸ್ರಾವವೇ ಮೊದಲಾದ ತೊಂದರೆಗಳು ಕಂಡು, ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು. ಅದರ ರಚನೆಯನ್ನು ತಿದ್ದಿ ಪಳಗಿಸಿದ ಟೋಪೋಟೆಕಾನ್, ಇರಿನೋಟೆಕಾನ್ ಎಂಬ ಔಷಧಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು 1996ರಲ್ಲಿ. ಮೂವತ್ತು ವರ್ಷ! ಈ ನಡುವೆ ಬೇಡಿಕೆ ಏರಿ, ಘಟ್ಟದಲ್ಲಿ ಆ ಮರಕ್ಕೆ ಕೊಡಲಿ ಬಿದ್ದು, ಅದರ ಸಂತತಿ ಕುಗ್ಗಿತು. ಲಕ್ಷ್ಮಿಯ ಹೆಸರಿನ ಮರಕ್ಕೆ ಪೂಜೆ, ದುರ್ವಾಸನೆಯ ಹೆಸರಿನ ಮರಕ್ಕೆ ಕೊಡಲಿ. ಇದು ಪರಂಪರೆಯ ಮೇಲಿನ ಪ್ರೀತಿಯೆ?

ನಮ್ಮ ಬೇಲಿಯ ನಿತ್ಯಪುಷ್ಪದ ಕಥೆಯೂ ಇದೇ ಪಾಠವನ್ನು ಹೇಳುತ್ತದೆ. ಕಾಶಿಕಣಗಿಲೆಯೆಂದು ಕರೆದರೂ ಅದರ ತವರು ಮಡಗಾಸ್ಕರ್. ಜಮೈಕದ ಜನ ಅದರ ಎಲೆಯ ಕಷಾಯವನ್ನು ಸಿಹಿಮೂತ್ರ ರೋಗಕ್ಕೆ ಕುಡಿಯುತ್ತಿದ್ದರು. 1952ರಲ್ಲಿ ಆ ಎಲೆಗಳು ಕೆನಡದ ರಾಬರ್ಟ್ ನೋಬಲ್ ಅವರ ಕೈ ಸೇರಿದವು. ಇಲಿಗಳ ಮೇಲೆ ಪ್ರಯೋಗಿಸಿದರೆ ರಕ್ತದ ಸಕ್ಕರೆ ಇಳಿಯಲಿಲ್ಲ, ಬಿಳಿಯ ರಕ್ತಕಣಗಳು ಇಳಿದವು. ಆ ಎಳೆಯನ್ನು ಹಿಡಿದು ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1958ರ ಹೊತ್ತಿಗೆ ವಿನ್‌ಬ್ಲಾಸ್ಟಿನ್ ದ್ರವ್ಯವನ್ನು ಬೇರ್ಪಡಿಸಿದರು. ಅದೇ ಗಿಡದ ವಿನ್‌ಕ್ರಿಸ್ಟಿನ್ 1963ರಲ್ಲಿ ಒಪ್ಪಿತವಾಗಿ, ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ಜನರ ನಂಬಿಕೆ ದಾರಿ ತೋರಿಸಿತು, ನಿಜ. ಆದರೆ ಅದು ತೋರಿದ ರೋಗವೇ ಬೇರೆ, ಗುಣವಾದ ರೋಗವೇ ಬೇರೆ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ದೊರೆಯಲು ಸುಮಾರು 500 ಕಿಲೋಗ್ರಾಂ ಒಣಗಿದ ಎಲೆ ಬೇಕು. ಒಂದು ಹಿಡಿ ಎಲೆಯ ಕಷಾಯ ಯಾವ ಲೆಕ್ಕಕ್ಕೆ? ನರಕ್ಕೆ ಕೊಟ್ಟರೆ ಮಗುವನ್ನು ಉಳಿಸುವ ಅದೇ ವಿನ್‌ಕ್ರಿಸ್ಟಿನ್, ತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಕೊಲ್ಲುತ್ತದೆ.

'ಸಸ್ಯವಾದ್ದರಿಂದ ಅಪಾಯವಿಲ್ಲ' ಎನ್ನುವವರು ನಮ್ಮ ಮಂಗರಾಜನ ಹೆಸರನ್ನಾದರೂ ಕೇಳಿದ್ದಾರೆಯೆ? ಹದಿನಾಲ್ಕನೆಯ ಶತಮಾನದಲ್ಲಿ ಆತ ರಚಿಸಿದ ಖಗೇಂದ್ರಮಣಿದರ್ಪಣ ವಿಷವೈದ್ಯದ ಗ್ರಂಥ. ಹಾವುಚೇಳಿನ ಜಂಗಮವಿಷದ ಜೊತೆಗೆ ಗಿಡಮೂಲಿಕೆಯ ಸ್ಥಾವರವಿಷವನ್ನೂ ಆತ ಎಣಿಸಿದ್ದಾನೆ. ಬೇರುನಾರಿನಲ್ಲಿ ವಿಷವಿರುತ್ತದೆಂಬುದು ಪರಂಪರೆಗೆ ಗೊತ್ತಿತ್ತು. ಪರಂಪರೆಯ ಹೆಸರು ಹೇಳಿ ಮಾರುವವರಿಗೆ ಗೊತ್ತಿಲ್ಲ.

ನನ್ನ ಸೋದರತ್ತೆಯೊಬ್ಬರಿಗೆ ಎದೆಯಲ್ಲಿ ಗಂಟು ಕಾಣಿಸಿತು. ಶಸ್ತ್ರಚಿಕಿತ್ಸೆಗೆ ಹೆದರಿ ಏಳು ತಿಂಗಳು ಎಲೆಯ ಕಷಾಯ ಕುಡಿದರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ರೋಗ ಮೂಳೆಗಿಳಿದಿತ್ತು. ಇದು ಒಂದು ಮನೆಯ ಸಂಗತಿ ಎನ್ನಬಹುದು. ಯೇಲ್ ವಿಶ್ವವಿದ್ಯಾನಿಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೂಢಿಯ ಚಿಕಿತ್ಸೆಯನ್ನು ಬಿಟ್ಟು ಬದಲಿ ಚಿಕಿತ್ಸೆಯನ್ನೇ ನಂಬಿದವರ ಸಾವಿನ ಸಂಭವ ಎರಡೂವರೆ ಪಟ್ಟು. ಸ್ತನದ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಮಿಗಿಲು. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದು 1954ರ ಕಾಯಿದೆಯಂತೆ ಅಪರಾಧ. ಕಾಯಿದೆ ಪುಸ್ತಕದಲ್ಲಿದೆ, ಜಾಹೀರಾತು ಎಲ್ಲರ ಮೊಬೈಲಿನಲ್ಲಿದೆ.

ಹಾಗೆಂದು ಹಳ್ಳಿಯ ವೈದ್ಯನನ್ನು ಕಂಡು ಮೂಗುಮುರಿಯುವ ಪಟ್ಟಣದ ವೈದ್ಯರ ಪಕ್ಷ ನನ್ನದಲ್ಲ. ರೋಗಿ ಕದ್ದುಮುಚ್ಚಿ ಕಷಾಯ ಕುಡಿಯುತ್ತಿದ್ದರೆ, ಕೇಳಿ ತಿಳಿಯುವ ಸಹನೆ ಅವರಿಗೂ ಬೇಕು. ಜಮೈಕದ ಕಷಾಯವನ್ನು ನೋಬಲ್ ನಗೆಯಾಡಿ ಎಸೆದಿದ್ದರೆ ವಿನ್‌ಬ್ಲಾಸ್ಟಿನ್ ಎಲ್ಲಿರುತ್ತಿತ್ತು? ನಮ್ಮ ನಾಟಿವೈದ್ಯರ ಮೂಲಿಕೆಗಳನ್ನು ಸರ್ಕಾರದ ಖರ್ಚಿನಲ್ಲಿ ಪರೀಕ್ಷಿಸಬೇಕು. ಫಲ ಬಂದರೆ ತಿಳಿವಳಿಕೆ ಕೊಟ್ಟವನಿಗೆ ಪಾಲು ಸಲ್ಲಬೇಕು. ಬರದಿದ್ದರೆ ಅದನ್ನೂ ಕನ್ನಡದಲ್ಲಿಯೇ ಜನಕ್ಕೆ ತಿಳಿಸಬೇಕು. ದುರ್ವಾಸನೆ ಮರವನ್ನು ಕಡಿದು ಮುಗಿಸದೆ ನೆಟ್ಟು ಬೆಳೆಸಬೇಕು. ಅಲ್ಲಿಯವರೆಗೆ, ಚಿಕಿತ್ಸೆ ಬಿಟ್ಟು ಕಷಾಯ ಕುಡಿಯಿರೆಂದು ರೋಗಿಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ. ಪರೀಕ್ಷೆಗೆ ಹೆದರುವ ಮದ್ದು ಪರಂಪರೆಯದಲ್ಲ, ಸಂತೆಯದು.